ಅಂಗೈಯಲ್ಲಿ ತೋರುವ ಯಕೃತ್ತು

ಪಕ್ಕೆಲುಬುಗಳ ಮರೆಯಲ್ಲಿ, ಉದರದ ಬಲಪಾರ್ಶ್ವದಲ್ಲಿ ಅಡಗಿರುವ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ದೊಡ್ಡ ಅಂಗವಾಗಿದ್ದರೂ ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಕೈಗೆ ಸಿಕ್ಕುವುದಿಲ್ಲ. ಆದರೆ ಅದಕ್ಕೊದಗಿದ ವಿಕಾರವು ಕಣ್ಣು, ಅಂಗೈ, ಉಗುರು, ಎದೆಯ ಚರ್ಮ ಮೊದಲಾದ ದೂರದ ಎಡೆಗಳಲ್ಲಿ ಪ್ರಕಟವಾಗುವುದರಿಂದ, ನುರಿತ ವೈದ್ಯನು ಹೊಟ್ಟೆಯನ್ನು ಮುಟ್ಟುವ ಮುನ್ನ ರೋಗಿಯ ಕೈಯನ್ನೇ ಹಿಡಿದು ನೋಡುತ್ತಾನೆ.

ರಕ್ತದ ಕೆಂಪುಕಣಗಳು ಸುಮಾರು 120 ದಿನಗಳ ಆಯುಷ್ಯ ಮುಗಿಸಿ ಜೀರ್ಣವಾದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯವನ್ನು ಪಿತ್ತದೊಡನೆ ಹೊರಸಾಗಿಸುವುದು ಯಕೃತ್ತಿನ ಕಾರ್ಯ. ಅದು ಕುಂದಿದಾಗ, ಸಹಜವಾಗಿ ಡೆಸಿಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿರುವ ಈ ದ್ರವ್ಯವು ಎರಡು ಮೂರು ಮಿಲಿಗ್ರಾಮಿಗೆ ಏರಿ, ಕಣ್ಣಿನ ಬಿಳಿಯ ಭಾಗ ಹಳದಿಗೆ ತಿರುಗುತ್ತದೆ. ಇದನ್ನು ಹಗಲ ಬೆಳಕಿನಲ್ಲಿಯೇ ನೋಡಬೇಕು. ದೀಪದ ಹಳದಿ ಬೆಳಕಿನಲ್ಲಿ ಸೌಮ್ಯವಾದ ಕಾಮಾಲೆ ಕಣ್ತಪ್ಪಿ ಹೋಗುವುದುಂಟು. ಗಜ್ಜರಿಯನ್ನು ಅತಿಯಾಗಿ ತಿಂದವರ ಅಂಗೈಯೂ ಹಳದಿಯಾಗಬಹುದು, ಆದರೆ ಅವರ ಕಣ್ಣು ಬೆಳ್ಳಗೇ ಉಳಿಯುತ್ತದೆ.

ದೀರ್ಘಕಾಲದ ಯಕೃದ್ರೋಗದಲ್ಲಿ ಅಂಗೈಯ ದಿಬ್ಬಗಳು ಕೆಂಪೇರುತ್ತವೆ. ಮುಖ, ಎದೆ, ಭುಜಗಳ ಮೇಲೆ ಜೇಡನಾಕಾರದ ಕೆಂಪು ಮಚ್ಚೆಗಳು ಮೂಡುತ್ತವೆ. ಮಚ್ಚೆಯ ನಡುಚುಕ್ಕೆಯನ್ನು ಒತ್ತಿದರೆ ಎಳೆಗಳೆಲ್ಲ ಬಿಳಿಚಿಕೊಂಡು, ಬಿಟ್ಟೊಡನೆ ನಡುವಿನಿಂದ ಹೊರಕ್ಕೆ ರಕ್ತ ತುಂಬುತ್ತದೆ, ಏಕೆಂದರೆ ಅದರ ಮೂಲವೊಂದು ಕಿರುಧಮನಿ. ಗರ್ಭಿಣಿಯರಲ್ಲಿಯೂ ಇವು ಕಾಣಿಸಿಕೊಳ್ಳುವುದರಿಂದ ಒಂದೇ ಚಿಹ್ನೆಯನ್ನು ನಂಬಿ ನಿರ್ಣಯಕ್ಕೆ ಬರುವುದು ತರವಲ್ಲ. ಕೈಗಳನ್ನು ಮುಂಚಾಚಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯಹೇಳಿದಾಗ ಹಸ್ತಗಳು ಪಟಪಟನೆ ಬಿದ್ದೇಳುವುದನ್ನು 1949ರಲ್ಲಿ ವೈದ್ಯರಾದ ಆಡಮ್ಸ್ ಮತ್ತು ಫೋಲಿ ವರ್ಣಿಸಿದರು. ಯಕೃತ್ತು ಶುದ್ಧಗೊಳಿಸದೆ ಬಿಟ್ಟ ವಿಷಪದಾರ್ಥಗಳು ಮಿದುಳನ್ನು ಮುಟ್ಟಿವೆಯೆಂಬುದಕ್ಕೆ ಇದು ಗಂಭೀರ ಸೂಚನೆ.

ಬೆರಳಿನಿಂದ ತಟ್ಟಿ ನೋಡುವ ವಿದ್ಯೆಯನ್ನು 1761ರಲ್ಲಿ ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್ ಎದೆಯ ಪರೀಕ್ಷೆಗಾಗಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಛತ್ರದ ಒಡೆಯನ ಮಗನಾದ ಆತನು ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ರಸದ ಮಟ್ಟವನ್ನರಿಯುವುದನ್ನು ಬಾಲ್ಯದಲ್ಲಿ ಕಂಡಿದ್ದನೆಂದು ಪ್ರತೀತಿ. ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ 1808ರಲ್ಲಿ ಆ ಗ್ರಂಥವನ್ನು ಫ್ರೆಂಚಿಗೆ ತಂದ ಮೇಲೆಯೇ ಲೋಕ ಅದನ್ನು ಮನ್ನಿಸಿತು. ಅದೇ ವಿದ್ಯೆ ಇಂದು ಯಕೃದ್ರೋಗದಲ್ಲಿ ಹೊಟ್ಟೆಯೊಳಗೆ ನೀರು ತುಂಬುವ ಜಲೋದರವನ್ನು ಗುರುತಿಸುತ್ತದೆ: ಅಂಗಾತ ಮಲಗಿದಾಗ ಗಾಳಿ ತುಂಬಿದ ಕರುಳುಗಳು ಮೇಲೆ ತೇಲಿ ಹೊಟ್ಟೆಯ ನಡುಭಾಗ ಟೊಳ್ಳಾಗಿ ನುಡಿಯುತ್ತದೆ, ನೀರಿಳಿದ ಪಕ್ಕಗಳು ಮಂದವಾಗಿ ನುಡಿಯುತ್ತವೆ, ಮಗ್ಗುಲಾದಾಗ ನೀರಿನೊಡನೆ ಮಂದಧ್ವನಿಯೂ ಸ್ಥಾನ ಬದಲಿಸುತ್ತದೆ. ಆದರೆ ಸುಮಾರು ಒಂದೂವರೆ ಲೀಟರು ನೀರು ಸೇರಿದ ಹೊರತು ಇದು ಸ್ಪಷ್ಟವಾಗದು. ಅದಕ್ಕಿಂತ ಕಡಿಮೆಯದನ್ನು ಸ್ಕ್ಯಾನಿಂಗ್ ಯಂತ್ರವೇ ಕಾಣಬೇಕು.

ನಮ್ಮಲ್ಲಿ ಕಾಮಾಲೆಯೆಂದೊಡನೆ ನೆಲನೆಲ್ಲಿಯ ರಸ ಕುಡಿಸಿ ಕಾಯುವ ವಾಡಿಕೆಯುಂಟು. ಕಲುಷಿತ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುವುದರಿಂದ ಕೀರ್ತಿ ರಸಕ್ಕೆ ಸಲ್ಲುತ್ತದೆ. ಆದರೆ ಪಿತ್ತನಾಳವು ಗಡ್ಡೆಯಿಂದ ಮುಚ್ಚಿಹೋದಾಗಲೂ ಕಣ್ಣು ಹಳದಿಯಾಗುವುದು ಹೀಗೆಯೇ, ಅನೇಕವೇಳೆ ನೋವಿಲ್ಲದೆ. ಅಲ್ಲಿ ಕಾಯುವ ಒಂದೊಂದು ವಾರವೂ ನಷ್ಟ. ಆದುದರಿಂದ ಕಣ್ಣು ಹಳದಿಯಾದೊಡನೆ ವೈದ್ಯರನ್ನು ಕಾಣಿರಿ. ಜತೆಗೆ ಮಂಪರು, ರಕ್ತವಾಂತಿ ಅಥವಾ ಕಪ್ಪು ಮಲ ಕಂಡುಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿರಿ.