ಜೂಲಿಯೆಟ್ ಬರ್ಕ್ (ದೂರದರ್ಶನ ಪಾತ್ರ)

ಜೂಲಿಯೆಟ್ ಬರ್ಕ್ ಅಮೆರಿಕದ ಎಬಿಸಿ ವಾಹಿನಿಯಲ್ಲಿ ೨೦೦೪ರಿಂದ ೨೦೧೦ರವರೆಗೆ ಪ್ರಸಾರವಾದ 'ಲಾಸ್ಟ್' ಧಾರಾವಾಹಿಯ ಪ್ರಮುಖ ಪಾತ್ರಗಳಲ್ಲಿ ಒಂದು. ೨೦೦೬ರ ಅಕ್ಟೋಬರ್‌ನಲ್ಲಿ ಆರಂಭವಾದ ಮೂರನೆಯ ಸೀಸನ್‌ನ ಮೊದಲ ಕಂತಿನಲ್ಲಿ ಈ ಪಾತ್ರದ ಪ್ರವೇಶವಾಗುತ್ತದೆ. ನಟಿ ಎಲಿಜಬೆತ್ ಮಿಚೆಲ್ ಇದನ್ನು ಅಭಿನಯಿಸಿದ್ದಾರೆ. ಶಾಂತವಾದ ಮುಖಭಾವದ ಹಿಂದೆ ತನ್ನ ಉದ್ದೇಶವನ್ನೂ ಪ್ರೀತಿಯನ್ನೂ ಅಡಗಿಸಿಡುವುದು ಈ ಪಾತ್ರದ ಮುಖ್ಯ ಲಕ್ಷಣ.

ಹಿನ್ನೆಲೆ

ವಿಮಾನ ಅಪಘಾತದಲ್ಲಿ ಬದುಕುಳಿದವರು ನಿಗೂಢ ದ್ವೀಪವೊಂದರಲ್ಲಿ ಸಿಲುಕುವುದು ಧಾರಾವಾಹಿಯ ಕಥಾವಸ್ತು. ಅಲ್ಲಿ ಮೊದಲೇ ನೆಲೆಸಿದ್ದ ಗುಂಪನ್ನು ಅವರು 'ಇತರರು' ಎಂದು ಕರೆಯುತ್ತಾರೆ. ಮಯಾಮಿ ನಗರದಲ್ಲಿ ಸಂತಾನ ಚಿಕಿತ್ಸೆಯ ಸಂಶೋಧಕಿಯಾಗಿದ್ದ ಜೂಲಿಯೆಟ್, ಆರು ತಿಂಗಳ ಕೆಲಸವೆಂದು ನಂಬಿ ಈ ಗುಂಪಿನೊಡನೆ ದ್ವೀಪಕ್ಕೆ ಬಂದವಳು. ದ್ವೀಪದಲ್ಲಿ ಗರ್ಭ ಧರಿಸಿದ ಸ್ತ್ರೀಯರು ಹೆರಿಗೆಗೆ ಮುನ್ನವೇ ಸಾಯುವುದಕ್ಕೆ ಪರಿಹಾರ ಹುಡುಕುವುದು ಅವಳ ಕೆಲಸ. ಆದರೆ ಗುಂಪಿನ ನಾಯಕ ಬೆನ್ ಲೈನಸ್ ಅವಳನ್ನು ಮೂರು ವರ್ಷ ಕಳೆದರೂ ಊರಿಗೆ ಬಿಡುವುದಿಲ್ಲ. ಸೋದರಿ ರೇಚಲ್ ಬಳಿಗೆ ಮರಳಬೇಕೆಂಬುದೊಂದೇ ಅವಳ ಹಂಬಲವಾಗುತ್ತದೆ.

ಗುಪ್ತ ಉದ್ದೇಶಗಳು

ಜೂಲಿಯೆಟ್ ಸ್ವಭಾವತಃ ವಂಚಕಿಯಲ್ಲ. ಬಂಧನವೇ ಅವಳಿಗೆ ಮರೆಮಾಚುವುದನ್ನು ಕಲಿಸುತ್ತದೆ. ಅವಳು ಗುಡ್ವಿನ್ ಎಂಬವನನ್ನು ಪ್ರೀತಿಸುತ್ತಿರುವುದು ತಿಳಿದಾಗ ಬೆನ್ ಅವನನ್ನು ಅಪಾಯಕರ ಕಾರ್ಯಕ್ಕೆ ಕಳುಹಿಸುತ್ತಾನೆ; ಅವನು ಅಲ್ಲಿಯೇ ಸಾಯುತ್ತಾನೆ. ಪ್ರೀತಿ ಹೊರಗೆ ಕಂಡರೆ ಪ್ರಾಣಕ್ಕೇ ಸಂಚಕಾರ ಎಂಬುದು ಅವಳಿಗೆ ಮನದಟ್ಟಾಗುತ್ತದೆ.

ಸೆರೆಯಾಳಾದ ವೈದ್ಯ ಜ್ಯಾಕ್‌ನೊಂದಿಗಿನ ಒಂದು ದೃಶ್ಯ ಇದಕ್ಕೆ ಉತ್ತಮ ಉದಾಹರಣೆ. ಬೆನ್‌ಗೆ ಶಸ್ತ್ರಚಿಕಿತ್ಸೆ ಮಾಡುವಂತೆ ಅವಳು ಬಾಯಿಮಾತಿನಲ್ಲಿ ಬೇಡುತ್ತಾಳೆ. ಅದೇ ಹೊತ್ತಿಗೆ ಎದುರಿನ ಟಿವಿಯಲ್ಲಿ ಓಡುವ ವಿಡಿಯೊದಲ್ಲಿ, ಅವಳೇ ಹಿಡಿದು ತೋರಿಸುವ ಬರಹದ ಹಾಳೆಗಳು ಅವನನ್ನು ಕೊಲ್ಲುವಂತೆ ಸೂಚಿಸುತ್ತವೆ. ಮುಂದೆ ಅವಳು ಬೆನ್‌ನ ಗೂಢಚಾರಿಣಿಯಾಗಿ ಜ್ಯಾಕ್‌ನ ಶಿಬಿರವನ್ನು ಸೇರಿ, ಕೊನೆಗೆ ಜ್ಯಾಕ್‌ಗೆ ತಾನೇ ಸತ್ಯವನ್ನು ತಿಳಿಸುತ್ತಾಳೆ.

ಪ್ರೇಮದ ದ್ವಂದ್ವ

ಜ್ಯಾಕ್‌ನ ಬಗೆಗಿನ ಒಲವಿನಲ್ಲಿ ಕಾರ್ಯಸಾಧನೆ ಎಷ್ಟು, ಪ್ರೀತಿ ಎಷ್ಟು ಎಂಬುದನ್ನು ಆರಂಭದಲ್ಲಿ ಪ್ರೇಕ್ಷಕರು ನಿರ್ಣಯಿಸಲಾರರು. ಐದನೆಯ ಸೀಸನ್‌ನಲ್ಲಿ ಅವಳು ಸಾಯರ್ ಮೊದಲಾದವರೊಡನೆ ೧೯೭೪ರ ಕಾಲಕ್ಕೆ ಸರಿದುಹೋಗುತ್ತಾಳೆ. ಅಲ್ಲಿ ಜಲಾಂತರ್ಗಾಮಿಯಲ್ಲಿ ದ್ವೀಪ ಬಿಡುವ ಅವಕಾಶ ಒದಗುತ್ತದೆ. ಎರಡು ವಾರ ನಿಲ್ಲೆಂದು ಸಾಯರ್ ಕೋರಿದಾಗ ನಿಂತವಳು ಮೂರು ವರ್ಷ ಅವನೊಡನೆ ಬಾಳುತ್ತಾಳೆ. ಬಿಡುಗಡೆಗಾಗಿಯೇ ಎಲ್ಲವನ್ನೂ ಮಾಡಿದವಳು ಇಲ್ಲಿ ತಾನಾಗಿಯೇ ಉಳಿಯುತ್ತಾಳೆ.

ಸಾಯರ್ ಹಿಂದೆ ಪ್ರೀತಿಸಿದ್ದ ಕೇಟ್ ಮರಳಿ ಬಂದಾಗ ಈ ನೆಮ್ಮದಿ ಕದಡುತ್ತದೆ. ಸಾಯರ್ ಕೇಟ್‌ಳತ್ತ ನೋಡಿದ ಒಂದು ನೋಟದಿಂದ ಜೂಲಿಯೆಟ್ ತನ್ನ ನಿಲುವನ್ನು ಬದಲಿಸಿ, ನಡೆದುದನ್ನೆಲ್ಲ ಅಳಿಸಿಹಾಕಲು ಬಾಂಬ್ ಸ್ಫೋಟಿಸುವ ಜ್ಯಾಕ್‌ನ ಯೋಜನೆಗೆ ಒಪ್ಪುತ್ತಾಳೆ. ಸಾಯರ್‌ನನ್ನು ಭೇಟಿಯೇ ಆಗದಿದ್ದರೆ ಕಳೆದುಕೊಳ್ಳುವ ನೋವೂ ಇರದು ಎಂಬುದು ಅವಳ ತರ್ಕ. ಬಾಲ್ಯದಲ್ಲಿ ತಂದೆತಾಯಿಯರ ವಿಚ್ಛೇದನವನ್ನು ಕಂಡ ನೆನಪು ಈ ಭಯದ ಹಿಂದಿದೆ.

ಅಂತ್ಯ

ಆಳವಾದ ಕುಳಿಗೆ ಬಿದ್ದ ಜೂಲಿಯೆಟ್ ತಾನೇ ಬಾಂಬನ್ನು ಕಲ್ಲಿನಿಂದ ಕುಟ್ಟಿ ಸ್ಫೋಟಿಸುತ್ತಾಳೆ. ಆರನೆಯ ಸೀಸನ್‌ನ ಆರಂಭದಲ್ಲಿ ಸಾಯರ್‌ನ ತೋಳುಗಳಲ್ಲಿ ಪ್ರಾಣ ಬಿಡುತ್ತಾಳೆ. ೨೦೧೦ರ ಮೇ ೨೩ರಂದು ಪ್ರಸಾರವಾದ ಅಂತಿಮ ಕಂತಿನಲ್ಲಿ, ಮರಣಾನಂತರದ ಲೋಕದಲ್ಲಿ ಇಬ್ಬರೂ ಪರಸ್ಪರರನ್ನು ಗುರುತಿಸಿ ಒಂದಾಗುತ್ತಾರೆ. ಅಲ್ಲಿ ಅವಳು ಯಾವ ಭಾವವನ್ನೂ ಮರೆಮಾಚುವುದಿಲ್ಲ.