ಹಳೆಯ ಚಿತ್ರಮಂದಿರ ಕಲಾಕೇಂದ್ರವಾಗಬೇಕಾದರೆ...

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ರಾಜ್ಯದ ಅಂಚಿನಲ್ಲಿರುವ ಹೋಬಳಿ ಕೇಂದ್ರ. ಇಲ್ಲಿಂದ ಸ್ವಲ್ಪ ದೂರ ಸಾಗಿದರೆ ಆಂಧ್ರಪ್ರದೇಶ ಹಾಗೂ ತಮಿಳುನಾಡಿನ ಗಡಿ. ಇನ್ನೊಂದು ಮಗ್ಗುಲಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಪೌರಾಣಿಕ ನಾಟಕ, ಭಜನೆ, ತಮಟೆ ವಾದನಗಳಿಗೆ ಕೊರತೆಯಿಲ್ಲ. ಆದರೆ ಸುಸಜ್ಜಿತ ವೇದಿಕೆಯ ಮೇಲೆ ನಾಟಕ ನೋಡಬೇಕೆಂದರೆ ಜಿಲ್ಲಾ ಕೇಂದ್ರದಲ್ಲಿರುವ ಟಿ. ಚನ್ನಯ್ಯ ರಂಗಮಂದಿರದ ಕಡೆಗೋ ಬೆಂಗಳೂರಿನ ಕಡೆಗೋ ಮುಖ ಮಾಡಬೇಕು. ರಾತ್ರಿ ಆಟ ಮುಗಿದ ಮೇಲೆ ಊರಿಗೆ ಮರಳುವುದು ಹೇಗೆಂಬ ಚಿಂತೆ ಹೆಣ್ಣುಮಕ್ಕಳನ್ನೂ ವೃದ್ಧರನ್ನೂ ಮನೆಯಲ್ಲೇ ಉಳಿಸಿಬಿಡುತ್ತದೆ.

ಇನ್ನೊಂದೆಡೆ ರಾಜ್ಯದಾದ್ಯಂತ ಏಕಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಮುಚ್ಚಿವೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಪ್ಲಾಜಾ ಮೆಟ್ರೊ ರೈಲಿಗೆ ಜಾಗ ಬಿಟ್ಟುಕೊಟ್ಟಿತು. ಗಾಂಧಿನಗರದ ಕಪಾಲಿ 2017ರಲ್ಲಿ ಕೊನೆಯ ಆಟ ಮುಗಿಸಿತು. ಸಣ್ಣ ಪಟ್ಟಣಗಳ ಟಾಕೀಸುಗಳು ಗೋದಾಮುಗಳಾಗಿವೆ, ಕಲ್ಯಾಣ ಮಂಟಪಗಳಾಗಿವೆ, ಇಲ್ಲವೇ ಪಾಳು ಬಿದ್ದಿವೆ. ಇಂಥ ಕಟ್ಟಡವೊಂದನ್ನು ಕೆಡವುವ ಬದಲು ಊರಿನ ಕಲಾಕೇಂದ್ರವನ್ನಾಗಿ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಹುಡುಕುವ ಮುನ್ನ ಬೇರೆಡೆ ಏನಾಗಿದೆ ಎಂಬುದನ್ನು ನೋಡಬೇಕು.

ಶಿಮ್ಲಾ, ಮುಂಬೈಗಳ ಪಾಠ

ಶಿಮ್ಲಾದ ಗೇಯಟಿ ರಂಗಮಂದಿರ ಆರಂಭವಾದದ್ದು 1887ರಲ್ಲಿ. ಅದನ್ನು ವಿನ್ಯಾಸಗೊಳಿಸಿದವರು ಹೆನ್ರಿ ಇರ್ವಿನ್. ಮೈಸೂರಿನ ಇಂದಿನ ಅರಮನೆಯ ವಾಸ್ತುಶಿಲ್ಪಿಯೂ ಅವರೇ. ಕಾಲಕ್ರಮದಲ್ಲಿ ಶಿಥಿಲಗೊಂಡ ಗೇಯಟಿಯನ್ನು ವರ್ಷಗಳ ಕಾಲ ದುರಸ್ತಿ ಮಾಡಿ 2009ರಲ್ಲಿ ಮತ್ತೆ ತೆರೆಯಲಾಯಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ರಂಗಮಂದಿರವೊಂದನ್ನೇ ಉಳಿಸಿಕೊಂಡು ಸುಮ್ಮನಾಗಲಿಲ್ಲ. ಅದೇ ಸಂಕೀರ್ಣದಲ್ಲಿ ಚಿತ್ರಕಲಾ ಪ್ರದರ್ಶನಕ್ಕೆ ಗ್ಯಾಲರಿ, ಸಭೆಗಳಿಗೆ ಬಹೂಪಯೋಗಿ ಸಭಾಂಗಣ, ಬಯಲು ವೇದಿಕೆಗಳೂ ಸೇರಿಕೊಂಡವು. ನಾಟಕವಿಲ್ಲದ ದಿನವೂ ಜನ ಒಳಗೆ ಬರಲು ಒಂದು ನೆಪ ಸಿಕ್ಕಿತು.

ಮುಂಬೈಯ ರಾಯಲ್ ಅಪೆರಾ ಹೌಸ್‌ನದು ಬೇರೆ ಬಗೆಯ ಕಥೆ. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಈ ರಂಗಮಂದಿರ ಮುಂದೆ ಚಿತ್ರಮಂದಿರವಾಯಿತು. 1993ರಲ್ಲಿ ಮುಚ್ಚಿತು. ಗೊಂಡಲ್ ರಾಜಮನೆತನದ ಒಡೆತನದಲ್ಲಿದ್ದ ಕಟ್ಟಡವನ್ನು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಜೀರ್ಣೋದ್ಧಾರ ಮಾಡಿ 2016ರ ಅಕ್ಟೋಬರ್‌ನಲ್ಲಿ ಪುನಃ ತೆರೆಯಲಾಯಿತು. ಮುಚ್ಚಿದ ಬಾಗಿಲು ತೆರೆಯಲು 23 ವರ್ಷ ಬೇಕಾಯಿತು ಎಂಬುದು ಇಂಥ ಯೋಜನೆಗಳು ಬೇಡುವ ತಾಳ್ಮೆಗೆ ಸಾಕ್ಷಿ.

ಪರದೆ ಬೇರೆ, ರಂಗ ಬೇರೆ

ಶಿಮ್ಲಾ, ಮುಂಬೈಗಳ ಕಟ್ಟಡಗಳು ಹುಟ್ಟಿದ್ದೇ ರಂಗಮಂದಿರಗಳಾಗಿ. ನಮ್ಮ ಪಟ್ಟಣಗಳ ಟಾಕೀಸುಗಳು ಹಾಗಲ್ಲ. ಸಿನಿಮಾ ಪರದೆಯ ಮುಂದಿರುವ ಜಗಲಿ ಕೆಲವೇ ಅಡಿ ಆಳದ್ದು. ನಾಟಕಕ್ಕಾದರೋ ಆಳವಾದ ರಂಗ, ಎರಡು ಪಕ್ಕಗಳಲ್ಲಿ ನಟರು ನಿಲ್ಲುವ ಜಾಗ, ಹಿಂಬದಿಯಲ್ಲಿ ಬಣ್ಣದ ಮನೆ, ನಟನಟಿಯರಿಗೆ ಪ್ರತ್ಯೇಕ ಶೌಚಾಲಯ ಬೇಕು. ಪರದೆಯ ಹಿಂದಿನ ಗೋಡೆಯನ್ನು ಹಿಂದಕ್ಕೆ ಸರಿಸಲು ಜಾಗವಿಲ್ಲದಿದ್ದರೆ ಮುಂದಿನ ಕೆಲವು ಸಾಲು ಕುರ್ಚಿಗಳನ್ನು ತೆಗೆದು ರಂಗವನ್ನು ಮುಂದಕ್ಕೆ ಚಾಚಬೇಕಾಗುತ್ತದೆ.

ಎರಡನೆಯದು ಧ್ವನಿ. ಚಿತ್ರಮಂದಿರದಲ್ಲಿ ಧ್ವನಿವರ್ಧಕದ ಸದ್ದು ಮರುದನಿಸದಿರಲಿ ಎಂದು ಗೋಡೆಗಳಿಗೆ ಶಬ್ದ ಹೀರುವ ಹೊದಿಕೆ ಹಾಕಿರುತ್ತಾರೆ. ಅಂಥ ಸಭಾಂಗಣದಲ್ಲಿ ಮೈಕ್ ಇಲ್ಲದೆ ಆಡಿದ ಮಾತು, ಹಾಡಿದ ಕಂದಪದ್ಯ ಹಿಂದಿನ ಸಾಲಿಗೆ ತಲುಪುವುದು ಕಷ್ಟ. ಮೂರನೆಯದು ಮಾಡು. ಹಳೆಯ ಟಾಕೀಸುಗಳ ಕಬ್ಬಿಣದ ಚೌಕಟ್ಟು ತಗಡು ಅಥವಾ ಆಸ್ಬೆಸ್ಟಾಸ್ ಶೀಟುಗಳ ಭಾರ ಹೊರಲೆಂದು ಕಟ್ಟಿದ್ದು. ಅದಕ್ಕೆ ರಂಗದ ದೀಪಗಳನ್ನು ತೂಗುಹಾಕುವ ಮೊದಲು ಎಂಜಿನಿಯರರಿಂದ ಸಾಮರ್ಥ್ಯ ಪರೀಕ್ಷೆ ಕಡ್ಡಾಯವಾಗಿ ಆಗಬೇಕು.

ಅನುಕೂಲಗಳೂ ಇಲ್ಲದಿಲ್ಲ. ಪ್ರೊಜೆಕ್ಟರ್ ಕೋಣೆ ದೀಪ ಹಾಗೂ ಧ್ವನಿ ನಿಯಂತ್ರಣಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಾಲ್ಕನಿ ಹಾಗೂ ಅದರ ಕೆಳಗಿನ ಮೊಗಸಾಲೆಗಳನ್ನು ತಾಲೀಮು ಕೊಠಡಿ, ವಾಚನಾಲಯ, ಮಕ್ಕಳ ಚಿತ್ರಕಲಾ ತರಗತಿಗಳಿಗೆ ಬಳಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಟಾಕೀಸು ಊರ ನಡುವೆ, ಬಸ್ ನಿಲ್ದಾಣಕ್ಕೋ ರೈಲು ನಿಲ್ದಾಣಕ್ಕೋ ಹತ್ತಿರವಿರುತ್ತದೆ.

ಸುರಕ್ಷತೆಗೆ ಮೊದಲ ಹಣ

ಇಂಥ ಯೋಜನೆಗಳಲ್ಲಿ ಮುಂಭಾಗದ ಬಣ್ಣಕ್ಕೆ ಸಿಗುವ ಗಮನ ವಿದ್ಯುತ್ ತಂತಿಗೆ ಸಿಗುವುದಿಲ್ಲ. ಇದರ ಬೆಲೆ ದೊಡ್ಡದು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಸಂಭವಿಸಿದ ಬೆಂಕಿ ಅನಾಹುತದಲ್ಲಿ 59 ಮಂದಿ ಸತ್ತರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ, 1915ರಲ್ಲಿ ಆರಂಭವಾದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. ಹೊಸ ವಿದ್ಯುತ್ ಜಾಲ, ಹೊರಕ್ಕೆ ತೆರೆದುಕೊಳ್ಳುವ ಬಾಗಿಲುಗಳು, ನೀರಿನ ತೊಟ್ಟಿ, ಅಂಗವಿಕಲರಿಗೆ ಇಳಿಜಾರು ದಾರಿ, ಇವುಗಳಿಗೆ ಹಣ ಎತ್ತಿಟ್ಟ ಬಳಿಕವೇ ಅಲಂಕಾರದ ಮಾತು.

ಒಡೆತನದ ತೊಡಕು

ಚಿತ್ರಮಂದಿರಗಳು ಬಹುಪಾಲು ಖಾಸಗಿ ಆಸ್ತಿ. ನಗರಸಭೆ ಅಥವಾ ಪುರಸಭೆ ಅದನ್ನು ಕೊಳ್ಳಬೇಕು, ಇಲ್ಲವೇ ದೀರ್ಘಾವಧಿ ಗುತ್ತಿಗೆಗೆ ಪಡೆಯಬೇಕು. ಕೆಜಿಎಫ್‌ನಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. 1880ರ ದಶಕದಿಂದ ನಡೆದು ಬಂದ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ಆದರೆ ಗಣಿ ಬಡಾವಣೆಗಳ ಜಮೀನು, ಹಳೆಯ ಕಟ್ಟಡಗಳು ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಹೆಸರಿನಲ್ಲೇ ಉಳಿದವು. ಅಂಥ ಕಟ್ಟಡವೊಂದನ್ನು ಆರಿಸಿಕೊಂಡರೆ ರಾಬರ್ಟ್‌ಸನ್‌ಪೇಟೆ ನಗರಸಭೆಯ ನಿರ್ಣಯವೊಂದೇ ಸಾಲದು, ದೆಹಲಿಯ ಒಪ್ಪಿಗೆಯೂ ಬೇಕು. ಆದ್ದರಿಂದ ನಕ್ಷೆ ಬರೆಸುವ ಮೊದಲು ಹಕ್ಕುಪತ್ರ ನೋಡುವುದು ಜಾಣತನ.

ಕಟ್ಟಿದ ಮೇಲೆ ನಡೆಸುವವರಾರು?

ಕಟ್ಟಡದ ದುರಸ್ತಿ ಒಮ್ಮೆ ಮಾಡುವ ಖರ್ಚು. ವಿದ್ಯುತ್ ಶುಲ್ಕ, ಕಾವಲು, ಸ್ವಚ್ಛತೆ, ದೀಪ ನಿರ್ವಾಹಕರ ಸಂಬಳ ಪ್ರತಿ ತಿಂಗಳ ಖರ್ಚು. ಇದಕ್ಕಾಗಿ ಬಾಡಿಗೆ ಏರಿಸಿದರೆ ಹಳ್ಳಿಯ ಕಲಾತಂಡ ದೂರವಾಗುತ್ತದೆ, ಮದುವೆಗೆ ಕೊಟ್ಟರೆ ಕಲಾಕೇಂದ್ರ ಮತ್ತೊಂದು ಕಲ್ಯಾಣ ಮಂಟಪವಾಗುತ್ತದೆ. ಸ್ಥಳೀಯ ತಂಡಗಳಿಗೆ ರಿಯಾಯಿತಿ ದರ, ಹೊರಗಿನ ಸಂಸ್ಥೆಗಳ ಸಮಾರಂಭಗಳಿಗೆ ಪೂರ್ಣ ದರ, ಕೊರತೆ ತುಂಬಲು ಬಜೆಟ್‌ನಲ್ಲಿ ನಿಗದಿತ ಮೊತ್ತ ಎಂಬ ವ್ಯವಸ್ಥೆ ಮೊದಲೇ ಲಿಖಿತವಾಗಿರಬೇಕು. ನಿರ್ವಹಣಾ ಸಮಿತಿಯಲ್ಲಿ ಅಧಿಕಾರಿಗಳ ಜತೆಗೆ ಕಲಾವಿದರೂ ಶಾಲಾ ಶಿಕ್ಷಕರೂ ಇರಬೇಕು.

ಕಲಾಕೇಂದ್ರವನ್ನು ಬದುಕಿಸುವುದು ಕಾರ್ಯಕ್ರಮಗಳೇ ಎಂಬುದಕ್ಕೆ ಜಿಲ್ಲೆಯಲ್ಲೇ ನಿದರ್ಶನವಿದೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರ ನಡೆಸಿಕೊಂಡು ಬಂದ ‘ಹುಣ್ಣಿಮೆ ಹಾಡು’ ಬೆಳದಿಂಗಳ ರಾತ್ರಿಗಳಲ್ಲಿ ಜನರನ್ನು ಬೆಟ್ಟ ಹತ್ತಿಸಿತು. ಅಲ್ಲಿ ಜನರನ್ನು ಕರೆದದ್ದು ದೊಡ್ಡ ಕಟ್ಟಡವಲ್ಲ, ತಪ್ಪದೆ ಬರುವ ಒಂದು ದಿನ.

ಕಾಮಸಮುದ್ರದ ನಾಟಕ ತಂಡವಾಗಲಿ, ಗಣಿ ಕಾರ್ಮಿಕರ ಮೊಮ್ಮಕ್ಕಳಾಗಲಿ ಬಯಸುವುದು ಅಂಥದೇ ಖಾತ್ರಿಯನ್ನು. ತಿಂಗಳಿಗೊಂದು ಪ್ರದರ್ಶನ, ವಾರಕ್ಕೆರಡು ತರಗತಿ, ಆಟ ಮುಗಿದ ಬಳಿಕ ಹಳ್ಳಿಗಳ ಕಡೆಗೆ ಒಂದು ಬಸ್ಸು. ಹಳೆಯ ಟಾಕೀಸಿನ ಬೀಗ ತೆಗೆಯುವ ಯಾವುದೇ ಪುರಸಭೆ ಶಂಕುಸ್ಥಾಪನೆಗೆ ದಿನ ಗೊತ್ತುಪಡಿಸುವ ಮುನ್ನ ಈ ಮೂರರ ವೇಳಾಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು.