ಕೊಲಾಬಾದಲ್ಲಿ ಆರು ಕ್ಯೂಬಿಟ್

ಮುಂಬಯಿ ಕನ್ನಡಿಗರಿಗೆ ಫೋರ್ಟ್ ಎಂದರೆ ಉಡುಪಿ ಹೋಟೆಲು, ರಾತ್ರಿ ಶಾಲೆ, ಬ್ಯಾಂಕಿನ ಕಚೇರಿ. ಅದೇ ಫೋರ್ಟಿನ ದಕ್ಷಿಣದಂಚಿನಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಹತ್ತಿರ, ಹಳೆಯ ಯಾಟ್ ಕ್ಲಬ್ ಕಟ್ಟಡವಿದೆ. ಈಗ ಅಲ್ಲಿ ಅಣುಶಕ್ತಿ ಇಲಾಖೆಯ ಕಚೇರಿ. 1949ರಿಂದ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಟಿಐಎಫ್‌ಆರ್, ಇದ್ದದ್ದು ಅಲ್ಲೇ. ಹೋಮಿ ಭಾಭಾ ಅದನ್ನು 1945ರಲ್ಲಿ ಆರಂಭಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ವರ್ಷ ತುಂಬುವ ಮೊದಲೇ ಅದು ಮುಂಬಯಿಗೆ ಬಂತು. ಕೊಲಾಬಾದ ತುದಿಯಲ್ಲಿ, ನೇವಿ ನಗರದ ಕಡಲಂಚಿನ ಈಗಿನ ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು.

ಯಾಟ್ ಕ್ಲಬ್ ಕಾಲದಲ್ಲೇ ಆರ್. ನರಸಿಂಹನ್ ಅವರ ತಂಡ ಈ ದೇಶದಲ್ಲೇ ರೂಪುಗೊಂಡ ಮೊದಲ ಪೂರ್ಣ ಪ್ರಮಾಣದ ಡಿಜಿಟಲ್ ಕಂಪ್ಯೂಟರನ್ನು ಕಟ್ಟಲು ಕೈಹಾಕಿತ್ತು. 1960ರಲ್ಲಿ ಕೆಲಸಕ್ಕೆ ನಿಂತ ಆ ಯಂತ್ರವೇ ಟಿಫ್ರಾಕ್. ಹೊರಗಿನಿಂದ ಸಿದ್ಧ ಯಂತ್ರ ತರಿಸಿಕೊಂಡು ನಡೆಸುವುದಕ್ಕಿಂತ ತಾವೇ ಕಟ್ಟಿ ಕಲಿಯಬೇಕೆಂಬ ಹಟ ಈ ಸಂಸ್ಥೆಯದು. ಅರವತ್ತು ವರ್ಷದ ಮೇಲೆ ಕ್ವಾಂಟಮ್ ಕಂಪ್ಯೂಟರಿನ ವಿಷಯದಲ್ಲೂ ಅದೇ ಹಟ ಕಾಣುತ್ತದೆ.

ಟಿಐಎಫ್‌ಆರ್‌ನಲ್ಲಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುವ ಕೆಲಸದ ಮುಂಚೂಣಿಯಲ್ಲಿರುವವರು ಆರ್. ವಿಜಯರಾಘವನ್. ಯೇಲ್ ವಿಶ್ವವಿದ್ಯಾಲಯದಲ್ಲಿ ಅವರ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮಿಶೆಲ್ ಡೆವೊರೆ 2025ರ ಭೌತವಿಜ್ಞಾನ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುನ್ಮಂಡಲವೂ ಪರಮಾಣುವಿನಂತೆ ಕ್ವಾಂಟಮ್ ನಿಯಮಕ್ಕೆ ತಲೆಬಾಗುತ್ತದೆ ಎಂದು ತೋರಿಸಿದ್ದಕ್ಕೆ ಸಂದ ಬಹುಮಾನ ಅದು. ಕೊಲಾಬಾದ ಕ್ಯೂಬಿಟ್, ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್, ನಿಂತಿರುವುದು ಆ ತಿಳಿವಿನ ಮೇಲೆಯೇ.

ಕ್ಯೂಬಿಟ್ಟಿನ ಜೀವಾಳ ಜೋಸೆಫ್‌ಸನ್ ಸಂಧಿ. ಎಲೆಕ್ಟ್ರಾನು ಕಿರಣದಿಂದ ಬರೆದ ಅಚ್ಚಿನ ಮೇಲೆ ಒಂದು ಓರೆಯಿಂದ ಅಲ್ಯೂಮಿನಿಯಮ್ ಆವಿ ಕೂರಿಸುತ್ತಾರೆ. ಅಳೆದು ಆಮ್ಲಜನಕ ಬಿಡುತ್ತಾರೆ. ಇನ್ನೊಂದು ಓರೆಯಿಂದ ಮತ್ತೆ ಅಲ್ಯೂಮಿನಿಯಮ್. ನಡುವೆ ಉಳಿಯುವ ಆಕ್ಸೈಡ್ ಪೊರೆಯ ದಪ್ಪ ಒಂದೆರಡು ನ್ಯಾನೊಮೀಟರ್. ಆ ಪೊರೆ ಕೊಂಚ ಹೆಚ್ಚುಕಡಿಮೆಯಾದರೂ ಕ್ಯೂಬಿಟ್ಟಿನ ಆವರ್ತನ ಬದಲಾಗಿಬಿಡುತ್ತದೆ.

ಹೀಗೆ ಮಾಡಿದ ಚಿಪ್ಪನ್ನು ಸೂರಿನಿಂದ ತಲೆಕೆಳಗಾಗಿ ಇಳಿಬಿಟ್ಟ ತೇರಿನಂತಿರುವ ಶೀತಕದ ತಳದಲ್ಲಿ ಕೂರಿಸುತ್ತಾರೆ. ಅಂತಸ್ತು ಇಳಿದಂತೆ ಚಳಿ ಏರುತ್ತದೆ. ಹೀಲಿಯಮ್‌ನ ಎರಡು ಐಸೊಟೋಪುಗಳ ಮಿಶ್ರಣ ಕೊನೆಯ ತಟ್ಟೆಯನ್ನು ಸುಮಾರು 0.01 ಕೆಲ್ವಿನ್‌ಗೆ ಇಳಿಸುತ್ತದೆ. ತಾರೆಗಳ ನಡುವಿನ ಬಯಲೇ 2.7 ಕೆಲ್ವಿನ್! ಇಷ್ಟು ಚಳಿ ಏಕೆಂದರೆ, ಕ್ಯೂಬಿಟ್ಟಿನ 0 ಮತ್ತು 1 ಸ್ಥಿತಿಗಳ ನಡುವಿನ ಅಂತರ ಕಾಲು ಕೆಲ್ವಿನ್ ಶಾಖಕ್ಕೆ ಸಮ. ಅದಕ್ಕಿಂತ ಬೆಚ್ಚಗಾದರೆ ಶಾಖವೇ 0 ಅನ್ನು 1 ಮಾಡಿಬಿಡುತ್ತದೆ, ಲೆಕ್ಕ ಕೆಡುತ್ತದೆ.

2024ರ ಆಗಸ್ಟಿನಲ್ಲಿ ಆರು ಕ್ಯೂಬಿಟ್ಟಿನ ಸಂಸ್ಕಾರಕದ ಆದಿಯಿಂದ ಅಂತ್ಯದವರೆಗಿನ ಪರೀಕ್ಷೆ ಮುಗಿದ ಸುದ್ದಿ ಬಂತು. ಚಿಪ್ ಟಿಐಎಫ್‌ಆರ್‌ನದು, ನಿಯಂತ್ರಣ ವ್ಯವಸ್ಥೆ ಪುಣೆಯ ಡಿಆರ್‌ಡಿಒ ಯುವ ವಿಜ್ಞಾನಿಗಳ ಪ್ರಯೋಗಾಲಯದ್ದು, ಕ್ಲೌಡ್ ಮೂಲಕ ಪ್ರೋಗ್ರಾಂ ಕಳಿಸಿ ಉತ್ತರ ತರಿಸುವ ದಾರಿ ಟಿಸಿಎಸ್‌ನದು. ಕ್ಯೂಬಿಟ್‌ಗಳನ್ನು ಬೆಸೆದ ಉಂಗುರಾಕಾರದ ಅನುರಣಕದ ವಿನ್ಯಾಸ ಕೊಲಾಬಾದಲ್ಲೇ ಹುಟ್ಟಿದ್ದು.

ಕ್ವಾಂಟಮ್ ಕೆಲಸ ಕೊಲಾಬಾದಲ್ಲಷ್ಟೇ ಅಲ್ಲ. ಇದೇ ಊರಿನ ಪೊವಾಯಿಯಲ್ಲಿ, ಐಐಟಿ ಬಾಂಬೆಯಲ್ಲಿ, ವಜ್ರದೊಳಗಿನ ನೈಟ್ರೋಜನ್ ದೋಷಗಳಿಂದ ಕಾಂತಕ್ಷೇತ್ರ ಅಳೆಯುವ ಕೆಲಸ ನಡೆದಿದೆ. ಅದಕ್ಕೆ ಈ ಚಳಿಯ ಹಂಗಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2021ರಲ್ಲಿ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಕ್ವಾಂಟಮ್ ಗುಪ್ತಕೀಲಿ ರವಾನಿಸಿ ತೋರಿಸಿತು.

2023ರಲ್ಲಿ ಮಂಜೂರಾದ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ ಕೇಳುತ್ತದೆ. ಆರರಿಂದ ಅಲ್ಲಿಗೆ ಹೋಗುವುದು ಬರೀ ಗುಣಾಕಾರವಲ್ಲ. ಕ್ಯೂಬಿಟ್ ಹೆಚ್ಚಿದಂತೆ ಶೀತಕದೊಳಗೆ ಇಳಿಯುವ ಕೇಬಲ್ಲೂ ಹೆಚ್ಚುತ್ತದೆ, ಒಂದೊಂದು ಕೇಬಲ್ಲೂ ಮೇಲಿನ ಶಾಖವನ್ನು ಕೆಳಕ್ಕೆ ಹೊತ್ತು ತರುತ್ತದೆ. ಅದನ್ನು ತಡೆಯುವ ಬಗೆ ಹುಡುಕುವುದೂ ಈ ದಾರಿಯ ಕೆಲಸವೇ.